ಹಳೆ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಆಯಿಲ್: ಬದಲಿಸುವುದೋ, ಬಿಡುವುದೋ?

ಕಾರು ಲಕ್ಷ ಕಿಲೋಮೀಟರ್ ದಾಟಿದೆ. ಎಂಜಿನ್ ಆಯಿಲ್ ಕಾಲಕಾಲಕ್ಕೆ ಬದಲಾಗಿದೆ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮಾತ್ರ ಒಮ್ಮೆಯೂ ಬದಲಾಗಿಲ್ಲ. ಕೇಳಿದರೆ ಒಬ್ಬ ಮೆಕ್ಯಾನಿಕ್ ‘ಈಗ ಮುಟ್ಟಬೇಡಿ, ಹೊಸ ಆಯಿಲ್ ಬಿದ್ದರೆ ಗೇರ್‌ಬಾಕ್ಸ್ ಕೂತುಬಿಡುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಇವತ್ತೇ ಪೂರ್ತಿ ಫ್ಲಶ್ ಮಾಡಿಸಿ’ ಎನ್ನುತ್ತಾರೆ. ನನ್ನ ಪ್ರಕಾರ ಇದನ್ನು ತೀರ್ಮಾನಿಸಬೇಕಾದದ್ದು ಓಡೋಮೀಟರ್ ನೋಡಿ ಅಲ್ಲ, ಗೇರ್‌ಬಾಕ್ಸ್ ಇವತ್ತು ಹೇಗೆ ನಡೆಯುತ್ತಿದೆ ಎಂಬುದನ್ನು ನೋಡಿ.

ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಎಂದು ಕರೆಯುವ ಈ ಆಯಿಲ್‌ಗೆ ಕೆಲಸ ಬಹಳ. ಗೇರುಗಳಿಗೆ ಜಾರುಗುಣ ಕೊಡುವುದರ ಜೊತೆಗೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಕೂರುವ ಟಾರ್ಕ್ ಕನ್ವರ್ಟರ್ ಮೂಲಕ ಎಂಜಿನ್ ಶಕ್ತಿಯನ್ನು ದಾಟಿಸುವುದು, ಆಯಿಲನ್ನು ಬೇಕಾದ ಕಡೆಗೆ ತಿರುಗಿಸುವ ವಾಲ್ವ್ ಬಾಡಿಯಲ್ಲಿ ಒತ್ತಡವಾಗಿ ಹರಿದು ಕ್ಲಚ್ ಪ್ಲೇಟುಗಳನ್ನು ಹಿಡಿಸುವುದು, ಬಿಸಿಯನ್ನು ಕೂಲರ್‌ಗೆ ಒಯ್ಯುವುದು ಎಲ್ಲವೂ ಇದೇ. ಕ್ಲಚ್ ಪ್ಲೇಟು ಎಷ್ಟು ಬಿಗಿಯಾಗಿ, ಎಷ್ಟು ನಯವಾಗಿ ಹಿಡಿಯಬೇಕು ಎಂಬುದನ್ನು ಅದರಲ್ಲಿ ಬೆರೆಸಿದ ರಾಸಾಯನಿಕಗಳು ನಿರ್ಧರಿಸುತ್ತವೆ. ಬಿಸಿಗೆ ಮೊದಲು ಸೋಲುವುದು ಅವೇ. ‘ಲೈಫ್‌ಟೈಮ್ ಆಯಿಲ್, ಬದಲಿಸಬೇಕಿಲ್ಲ’ ಎಂಬ ಮಾತನ್ನು ಅಕ್ಷರಶಃ ನಂಬಬೇಡಿ. ಹಲವು ಕಾರು ಕಂಪನಿಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಜಡ್‌ಎಫ್ ಸಂಸ್ಥೆಯೇ ತನ್ನ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ನಡುವೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಿಸಿ ಎನ್ನುತ್ತದೆ.

ಹಾಗಾದರೆ ‘ಬದಲಿಸಿದ ಮೇಲೆ ಕೆಟ್ಟಿತು’ ಎಂಬ ಮಾತು ಎಲ್ಲಿಂದ ಬಂತು? ಬಹಳಷ್ಟು ಜನ ಆಯಿಲ್ ಬಗ್ಗೆ ಯೋಚಿಸುವುದೇ ಗೇರ್ ಜಾರಲು ಶುರುವಾದ ಮೇಲೆ. ಅಷ್ಟರಲ್ಲಿ ಕ್ಲಚ್ ಪ್ಲೇಟು ಸವೆದಿರುತ್ತದೆ, ಹೊಸ ಆಯಿಲ್ ಅದನ್ನು ಮರಳಿ ತರಲಾರದು. ಕೆಲವೇ ದಿನದಲ್ಲಿ ಗೇರ್‌ಬಾಕ್ಸ್ ನಿಂತರೆ ದೂರು ಆಯಿಲ್ ಮೇಲೆ ಬರುತ್ತದೆ. ಭಯಕ್ಕೆ ನಿಜವಾದ ಕಾರಣವೂ ಒಂದಿದೆ: ವರ್ಷಗಟ್ಟಲೆ ತಳದಲ್ಲಿ ಕೂತ ಕೊಳೆಯನ್ನು ಜೋರಾಗಿ ಕದಡಿದರೆ ಅದು ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳಬಹುದು.

ಮೊದಲ ಹೆಜ್ಜೆ: ಓಡಿಸಿ ನೋಡಿ

ಕಾರನ್ನು ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ. ಎಂಜಿನ್ ಸದ್ದು ಏರಿದರೂ ಕಾರು ಮುಂದೆ ಎಳೆಯದಿದ್ದರೆ ಅದು ಸ್ಲಿಪ್. ‘ಡಿ’ ಅಥವಾ ‘ಆರ್’ಗೆ ಹಾಕಿದ ಮೇಲೆ ಗೇರ್ ಹಿಡಿಯಲು ಕೆಲವು ಸೆಕೆಂಡ್ ಹಿಡಿದರೆ ಅದೂ ಕೆಟ್ಟ ಲಕ್ಷಣವೇ. ಎರಡರಲ್ಲಿ ಯಾವುದಿದ್ದರೂ ಆಯಿಲ್ ಖರೀದಿಸುವ ಮೊದಲು ಸ್ಕ್ಯಾನರ್ ಹಾಕಿಸಿ, ದೋಷ ಪತ್ತೆ ಮಾಡಿಸಿ. ಆಯಿಲ್ ಮಟ್ಟ ಕಡಿಮೆಯಾಗಿರುವುದಷ್ಟೇ ಕಾರಣವಾಗಿದ್ದರೆ ನಿಮ್ಮ ಅದೃಷ್ಟ.

ಸಮ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಒರಟು ರಸ್ತೆಯ ಮೇಲೆ ಹೋದಂತೆ ಕಾರು ಅದುರಿದರೆ ವಿಷಯ ಬೇರೆ. ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ, ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಸರಿಯಾಗಿ ಹಿಡಿಯದಿದ್ದಾಗ ಹೀಗಾಗುತ್ತದೆ. ಇದು ಹಲವು ಬಾರಿ ಆಯಿಲ್ ಬದಲಿಸಿದ ಮೇಲೆ ಹೋಗುತ್ತದೆ.

ಎರಡನೆಯದು: ಆಯಿಲ್ ನೋಡಿ

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಇರುವ ಕಾರಾದರೆ ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಬಿಡಿ. ಕೆಂಪಾಗಿ, ತೆಳುವಾಗಿ ಹರಡಿದರೆ ಒಳ್ಳೆಯದು. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ, ಬದಲಿಸಲು ಯೋಗ್ಯ. ಕಪ್ಪಾಗಿ, ಸುಟ್ಟ ವಾಸನೆ ಬಂದು, ಹನಿಯ ನಡುವೆ ಕಪ್ಪು ಪುಡಿ ಉಳಿದರೆ ಕ್ಲಚ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಹಾಲು ಬೆರೆಸಿದಂಥ ಗುಲಾಬಿ ಬಣ್ಣವಿದ್ದರೆ ಕಾರು ಓಡಿಸುವುದನ್ನೇ ನಿಲ್ಲಿಸಿ: ಒಳಗೆ ನೀರು ಅಥವಾ ಕೂಲಂಟ್ ಸೇರಿದೆ, ಸೋರಿಕೆ ಸರಿಪಡಿಸದೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಎಲ್ಲ ಎಟಿಎಫ್ ಕೆಂಪಲ್ಲ ಎಂಬುದೂ ನೆನಪಿರಲಿ. ಹಾಗಾಗಿ ಬಣ್ಣವೊಂದನ್ನೇ ನಂಬದೆ ವಾಸನೆ, ಪುಡಿ ಎರಡನ್ನೂ ಗಮನಿಸಿ.

ಮೂರನೆಯದು: ಸರಿಯಾದ ಆಯಿಲ್

ಇಲ್ಲಿ ರಾಜಿ ಬೇಡ. ಡೆಕ್ಸ್ರಾನ್ 6, ಟೊಯೊಟಾ ಡಬ್ಲ್ಯುಎಸ್, ಹೋಂಡಾ ಡಿಡಬ್ಲ್ಯು-1 ಎಲ್ಲವೂ ಎಟಿಎಫ್‌ಗಳೇ ಆದರೂ ಒಂದರ ಜಾಗಕ್ಕೆ ಇನ್ನೊಂದು ಹೊಂದಬೇಕೆಂದಿಲ್ಲ. ಮ್ಯಾನುಯಲ್‌ನಲ್ಲಿ ಬರೆದ ಸ್ಪೆಸಿಫಿಕೇಶನ್ ಅನ್ನೇ ಹಿಡಿಯಿರಿ. ಗೇರುಗಳ ಬದಲು ಬೆಲ್ಟ್ ಮೇಲೆ ನಡೆಯುವ ಸಿವಿಟಿ ಗೇರ್‌ಬಾಕ್ಸ್‌ಗೆ ಅದರದೇ ಆಯಿಲ್ ಬೇಕು, ಸಾಮಾನ್ಯ ಎಟಿಎಫ್ ಹಾಕಿದರೆ ಬೆಲ್ಟ್ ಜಾರಿ ಹಾಳಾಗಬಹುದು.

ನಾಲ್ಕನೆಯದು: ಮೆಲ್ಲಗೆ ಬದಲಿಸಿ

ಗೇರ್‌ಬಾಕ್ಸ್ ಚೆನ್ನಾಗಿ ನಡೆಯುತ್ತಿದೆ, ಆಯಿಲ್ ಹಳತಾಗಿದೆ ಎಂದಾದರೆ ಬದಲಿಸಿ. ನನಗೆ ಇದರಲ್ಲಿ ಅನುಮಾನವಿಲ್ಲ. ಆದರೆ ಮಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿಸುವುದು ಹಳೆ ಗೇರ್‌ಬಾಕ್ಸ್‌ಗೆ ಬೇಡ. ಡ್ರೈನ್ ಪ್ಲಗ್ ಬಿಚ್ಚಿ, ಇಳಿದಷ್ಟನ್ನೇ ತುಂಬುವ ವಿಧಾನ ಸಾಕು. ಉಳಿದ ಆಯಿಲ್ ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಪೈಪುಗಳಲ್ಲೇ ನಿಲ್ಲುತ್ತದೆ. ಒಟ್ಟು 10 ಲೀಟರಿನಲ್ಲಿ 4 ಲೀಟರ್ ಇಳಿಯುತ್ತದೆ ಎಂದುಕೊಳ್ಳಿ: ಮೊದಲ ಸಲಕ್ಕೆ ಹೊಸ ಆಯಿಲ್ ಶೇ 40, ಎರಡನೇ ಸಲಕ್ಕೆ ಶೇ 64, ಮೂರನೇ ಸಲಕ್ಕೆ ಶೇ 78. ನಡುವೆ ಕೆಲವು ನೂರು ಕಿಲೋಮೀಟರ್ ಓಡಿಸಿದರೆ ಹಳತು–ಹೊಸತು ಚೆನ್ನಾಗಿ ಬೆರೆಯುತ್ತದೆ.

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಬರೀ ಜ್ಯಾಕ್ ನಂಬಿ ಕೆಳಗೆ ನುಸುಳಬೇಡಿ. ಆಯಿಲ್ ಉಗುರುಬೆಚ್ಚಗಿದ್ದರೆ ಸಾಕು, ಕುದಿಯುವಷ್ಟು ಬಿಸಿಯಾಗಿದ್ದರೆ ಕೈ ಸುಡುತ್ತದೆ. ತುಂಬುವ ಪ್ಲಗ್ ಬಿಚ್ಚಲು ಬರುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಡ್ರೈನ್ ಪ್ಲಗ್ಗಿಗೆ ಕೈ ಹಾಕಿ. ಆಯಿಲ್ ಖಾಲಿಯಾದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕೂತಿರುವುದು ಗೊತ್ತಾದರೆ ಕಾರು ಅಲ್ಲೇ ಉಳಿಯುತ್ತದೆ.

ಇಳಿದ ಆಯಿಲನ್ನು ಅಳತೆಯ ಡಬ್ಬಿಯಲ್ಲಿ ಹಿಡಿಯಿರಿ. ಗೇರ್‌ಬಾಕ್ಸಿನ ತಳದ ಪ್ಯಾನ್ (ಆಯಿಲ್ ತಟ್ಟೆ) ಬಿಚ್ಚುವ ಹಾಗಿದ್ದರೆ ಒಳಗಿನ ಮ್ಯಾಗ್ನೆಟ್ ನೋಡಿ. ಬೆರಳಿಗೆ ನುಣ್ಣಗೆ ಹತ್ತುವ ಬೂದು ಬಣ್ಣದ ಕೆಸರು ಸಹಜ ಸವೆತ, ಒರೆಸಿ ಮರಳಿ ಕೂರಿಸಿ. ಉಗುರಿಗೆ ತಾಗುವ ಲೋಹದ ಚೂರು ಕಂಡರೆ ಒಳಗೆ ಯಾವುದೋ ಭಾಗ ಮುರಿಯುತ್ತಿದೆ. ಪ್ಯಾನ್ ಬಿಚ್ಚಿದ ಮೇಲೆ ಫಿಲ್ಟರ್, ಗ್ಯಾಸ್ಕೆಟ್ ಹೊಸದೇ ಇರಲಿ. ಬೋಲ್ಟುಗಳನ್ನು ಬಿಗಿ ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ, ಏಕೆಂದರೆ ಇವಕ್ಕೆ ಬೇಕಾದ ಬಿಗಿ ಬಹಳ ಕಡಿಮೆ.

ಕೊನೆಯ ಹೆಜ್ಜೆ: ಮಟ್ಟ

ಎಷ್ಟು ಇಳಿದಿದೆಯೋ ಅಷ್ಟು ತುಂಬಿ, ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿ ಹಿಡಿದು ಪ್ರತಿ ಗೇರಿನಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ‘ಪಿ’ಗೆ ಬನ್ನಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಚಾಲೂ ಇರುವಾಗಲೇ ಮಟ್ಟ ನೋಡಬೇಕು. ಹೋಂಡಾದ ಹಲವು ಮಾದರಿಗಳಲ್ಲಿ ಬಿಸಿಯಾದ ಎಂಜಿನ್ ಆರಿಸಿ ನೋಡಬೇಕು. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸಿನಲ್ಲಿ ಆಯಿಲ್ ನಿಗದಿತ ಉಷ್ಣಾಂಶದಲ್ಲಿರುವಾಗ ಚೆಕ್ ಪ್ಲಗ್ಗಿನಿಂದ ಸಣ್ಣ ಧಾರೆಯಾಗಿ ಇಳಿದು ಹನಿಗೆ ಬಂದರೆ ಮಟ್ಟ ಸರಿ. ಆ ಉಷ್ಣಾಂಶ ತಿಳಿಯಲು ಸ್ಕ್ಯಾನರ್ ಬೇಕು, ಅಂದಾಜು ನಡೆಯದು. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸಿ, ಆಯಿಲ್ ಒತ್ತಡ ಕುಸಿಯುತ್ತದೆ.

ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಹನಿ ಬಿದ್ದಿದೆಯೇ ನೋಡಿ. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಮುಚ್ಚಿ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಎಷ್ಟು ಲೀಟರ್, ಯಾವ ಆಯಿಲ್, ಎಷ್ಟು ಕಿಲೋಮೀಟರಿಗೆ ಹಾಕಿದ್ದು ಎಂದು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.