ಕಾರ್ಗಿಲ್ ಸಮಯದ ಆ ವಾರ್ಡು

ನಾನು ಗದಗ-ಬೆಟಗೇರಿಯವನು. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ಒಂದು ಮಿಲಿಟರಿ ಆಸ್ಪತ್ರೆಯ ಮಾನಸಿಕ ವಾರ್ಡಿನಲ್ಲಿ ನನ್ನ ಡ್ಯೂಟಿ.

ಜೂನ್‌ನಲ್ಲಿ ಹಾವೇರಿ ಕಡೆಯ ಹುಡುಗನೊಬ್ಬ ಬಂದ. ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಕೈ ನಡುಗಿ ಚಹಾದ ಗ್ಲಾಸು ಹಿಡಿಯಲು ಆಗುತ್ತಿರಲಿಲ್ಲ. ಬಾಗಿಲು ಬಡಿದರೆ ನೆಲಕ್ಕೆ ಬೀಳುತ್ತಿದ್ದ. ಡಾಕ್ಟರು ಹಿಂದಿಯಲ್ಲಿ ಏನು ಕೇಳಿದರೂ ‘ಠೀಕ್ ಹೂಂ ಸಾಬ್’ ಅಷ್ಟೇ. ಅವನ ಬಡ್ಡಿ ಶೆಲ್ ಬಿದ್ದು ಪಕ್ಕದಲ್ಲೇ ಸತ್ತಿದ್ದ. (ಸಾಲದ ಬಡ್ಡಿ ಅಲ್ಲ, ಸೇನೆಯಲ್ಲಿ ಜೋಡಿ ಜವಾನನಿಗೆ ಹಾಗಂತಾರೆ.)

ಮೊದಲ ರಾತ್ರಿಯೇ ನಾನು ಎಡವಿದೆ. ಎಲ್ಲ ಹೇಳಿಬಿಟ್ಟರೆ ಹಗುರಾಗುತ್ತಾನೆ ಅಂದುಕೊಂಡು ಕೆದಕಿ ಕೆದಕಿ ಕೇಳಿದೆ. ಅವನು ಬೆವರಿ, ಮಂಚದ ಕೆಳಗೆ ಸೇರಿಕೊಂಡ. ಹೀಗೆ ಒತ್ತಾಯದಿಂದ ಹೇಳಿಸಿದರೆ ಉಪಯೋಗವಿಲ್ಲ ಅಂತ ಆಮೇಲಿನ ಅಧ್ಯಯನಗಳೂ ಹೇಳಿದವು.

ಡಾಕ್ಟರದು ಮೊದಲ ಮಹಾಯುದ್ಧದ ಕಾಲದಿಂದ ಬಂದ ಪದ್ಧತಿ. ಪಲ್ಟನ್‌ಗೆ ಹತ್ತಿರವೇ ಇಡು, ತಡ ಮಾಡಬೇಡ, ‘ವಾಪಸ್ ಹೋಗ್ತೀಯ’ ಅಂತ ಹೇಳುತ್ತಿರು. ಸೇನೆಗೆ ಜನ ಬೇಕು ಅನ್ನುವ ಲೆಕ್ಕವೂ ಅದರಲ್ಲಿತ್ತು, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬಿಸಿನೀರು, ಊಟ, ನಿದ್ದೆ. ಮೂರನೇ ದಿನ ಸುಮ್ನೆ ಪಕ್ಕದಲ್ಲಿ ಕೂತೆ. ‘ಯಾವೂರೋ ತಮ್ಮಾ?’ ಅಂದೆ. ಕನ್ನಡ ಕೇಳಿ ತಲೆ ಎತ್ತಿದ. ಬ್ಯಾಡಗಿ ಮೆಣಸಿನಕಾಯಿ ರೇಟಿನ ಬಗ್ಗೆಯೇ ಅರ್ಧ ತಾಸು ಮಾತಾಡಿದೆವು. ಕೊನೆಗೆ ಕೇಳಿದ: ‘ನನ್ನ ಕೆಟಗರಿ ಇಳಿಸ್ತಾರೇನ್ರಿ ಅಣ್ಣಾರ?’ ಶೆಲ್‌ಗಿಂತ ಆ ಭಯವೇ ಜಾಸ್ತಿ. ಮೆಡಿಕಲ್ ಕೆಟಗರಿ, ಅಂದರೆ ಸೇನೆ ಕೊಡುವ ಆರೋಗ್ಯದ ದರ್ಜೆ, ಇಳಿದರೆ ಪ್ರಮೋಷನ್ ಹೋಯಿತು, ಊರಲ್ಲಿ ಮುಖ ತೋರಿಸುವುದು ಹೇಗೆ?

ಚಾದರ ಮಡಚುವ ಕೆಲಸಕ್ಕೆ ಅವನನ್ನು ಜೊತೆ ಸೇರಿಸಿಕೊಂಡೆ. ಒಂದು ವಾರದ ಮೇಲೆ, ಚಾದರದ ಆ ತುದಿ ಹಿಡಿದು ನಿಂತಾಗ, ತಾನೇ ಶುರು ಮಾಡಿದ. ‘ನೀರು ತರಾಕ ನಾ ಹೋಗಬೇಕಿತ್ರಿ. ಅಂವ ಹೋದ.’ ನಾನು ಏನೂ ಅನ್ನಲಿಲ್ಲ. ಚಾದರ ಮಡಚುವುದನ್ನೂ ನಿಲ್ಲಿಸಲಿಲ್ಲ.

ಈಗಲೂ ಮಾಜಿ ಸೈನಿಕರ ಮನೆಯ ಹೆಣ್ಣುಮಕ್ಕಳು ಬರುತ್ತಾರೆ. ‘ರಾತ್ರಿ ಚೀರ್ತಾರ್ರಿ’ ಅಂತಾರೆ. ಮೈಮುಟ್ಟಿ ಎಬ್ಬಿಸಬೇಡಿ, ದೂರ ನಿಂತು ಹೆಸರು ಕರೆಯಿರಿ ಅನ್ನುತ್ತೇನೆ. ಕ್ಯಾಂಟೀನ್ ರಮ್ಮಿನಿಂದ ಬರುವ ನಿದ್ದೆ ನಡುರಾತ್ರಿಗೇ ಮುರಿಯುತ್ತದೆ ಅಂತಲೂ ಹೇಳುತ್ತೇನೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸಿ ಅಂದರೆ ಮಾತ್ರ ಮುಖ ಸಣ್ಣದಾಗುತ್ತದೆ. ‘ಧಾರವಾಡಕ್ಕ ಕಳಸ್ರಿ’ ಅನ್ನುವುದು ನಮ್ಮ ಕಡೆ ಬೈಗುಳ, ಅಲ್ವಾ? ಅದಕ್ಕೇ ಮೊದಲ ಸಲ ನಾನೇ ಜೊತೆಗೆ ಬಸ್ ಹತ್ತುತ್ತೇನೆ.