ಜೇಷ್ಠಮಧುವಿನ ಬೇರು ಮತ್ತು ಇಳಿಯದ ರಕ್ತದೊತ್ತಡ: ನನ್ನ ಅನುಭವ

ಅವರಿಗೆ ಆಗ ಐವತ್ತೆಂಟು ವರ್ಷ. ಜಮಖಂಡಿ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಯವರು. ಎರಡು ಎಕರೆ ಕಬ್ಬು, ಜಾತ್ರೆಗಳ ಕಾಲದಲ್ಲಿ ಸಣ್ಣಾಟದ ಮೇಳದೊಂದಿಗೆ ಹಾಡಿಕೆ. ರಕ್ತದೊತ್ತಡಕ್ಕೆಂದು ನಾಲ್ಕು ವರ್ಷಗಳಿಂದ ನನ್ನ ಬಳಿಗೇ ಬರುತ್ತಿದ್ದರು. ಆಮ್ಲೋಡಿಪಿನ್ 5 ಮಿಲಿಗ್ರಾಂ, ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ತೆಗೆದುಕೊಂಡು ಹೆಚ್ಚುಕಡಿಮೆ ಹತೋಟಿಯಲ್ಲಿದ್ದ ಒತ್ತಡ ಆ ವರ್ಷ ಯುಗಾದಿಯ ಹೊತ್ತಿಗೆ 172/104ಕ್ಕೆ ಏರಿತ್ತು. ಗುಳಿಗೆ ತಪ್ಪಿಸುತ್ತಿರಬೇಕೆಂದು ಮೊದಲು ಸಂಶಯಪಟ್ಟೆ. ಅವರ ಹೆಂಡತಿ ಖಾಲಿಯಾದ ಪಟ್ಟಿಗಳನ್ನೇ ತಂದು ಮೇಜಿನ ಮೇಲಿಟ್ಟರು. ಉಪ್ಪಿನಕಾಯಿ, ಹಪ್ಪಳ, ರಂಜಕ ಕಡಿಮೆ ಮಾಡಲು ಹೇಳಿ, ಮೂರನೆಯ ಔಷಧವಾಗಿ ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್ 12.5 ಮಿಲಿಗ್ರಾಂ ಬರೆದುಕೊಟ್ಟೆ. ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಕಳೆಯುವ ಗುಳಿಗೆ ಅದು; ಆದರೂ ಬರೆಯುವ ಮೊದಲು ರಕ್ತದ ಪೊಟ್ಯಾಸಿಯಂ ನೋಡಲಿಲ್ಲ. ಈ ಬರಹದಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪು ಅದೊಂದೇ, ಆದರೆ ಅದು ಸಣ್ಣದಲ್ಲ.

ಮೂರು ವಾರದ ನಂತರ ಇಬ್ಬರು ಹುಡುಗರು ಅವರನ್ನು ಮೋಟಾರು ಸೈಕಲ್ಲಿನ ನಡುವೆ ಕೂರಿಸಿಕೊಂಡು ಬಂದರು. ಬಯಲಿಗೆ ಹೋದವರು ಕುಕ್ಕರುಗಾಲಿನಿಂದ ಮೇಲೇಳಲಾಗದೆ ಅಲ್ಲೇ ಕುಳಿತುಬಿಟ್ಟಿದ್ದರಂತೆ. ತೊಡೆಯ ಸ್ನಾಯುಗಳಲ್ಲಿ ಬಲವಿರಲಿಲ್ಲ, ಸ್ಪರ್ಶಜ್ಞಾನ ಸರಿಯಾಗಿಯೇ ಇತ್ತು. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ, ಅದರ ಬೆನ್ನಿಗೆ ಯು ಅಲೆ ಎದ್ದು ಕಾಣುತ್ತಿತ್ತು; ಪೊಟ್ಯಾಸಿಯಂ ಇಳಿದಿರುವುದರ ಗುರುತು ಅದು. 3.5ರಿಂದ 5ರ ನಡುವೆ ಇರಬೇಕಾದ ಪೊಟ್ಯಾಸಿಯಂ 2.4ಕ್ಕೆ ಇಳಿದಿತ್ತು. ಒಳರೋಗಿಯಾಗಿ ಸೇರಿಸಿಕೊಂಡು, ಕ್ಲೋರ್ಥಾಲಿಡೋನ್ ನಿಲ್ಲಿಸಿ, ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟೆವು. ನಾಲ್ಕನೆಯ ದಿನ ಅವರು ನಡೆದುಕೊಂಡೇ ಮನೆಗೆ ಹೋದರು. ಮೂತ್ರದ ಗುಳಿಗೆಯಿಂದಾದ ತೊಂದರೆ, ಗುಳಿಗೆ ನಿಲ್ಲಿಸಿದ ಮೇಲೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಮತ್ತೆರಡು ವಾರದ ನಂತರ ಪೊಟ್ಯಾಸಿಯಂ 3.0, ರಕ್ತದೊತ್ತಡ 168/100. ಇಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಟೆಲ್ಮಿಸಾರ್ಟನ್. ಅದು ಪೊಟ್ಯಾಸಿಯಂ ಅನ್ನು ಸ್ವಲ್ಪ ಏರಿಸುವ ಗುಂಪಿನ ಔಷಧ. ಅದನ್ನು ನುಂಗುತ್ತಿರುವ ಮನುಷ್ಯನಲ್ಲಿ, ವಾಂತಿ ಭೇದಿ ಯಾವುದೂ ಇಲ್ಲದೆ, ಪೊಟ್ಯಾಸಿಯಂ ಹೀಗೆ ಸೋರಿಹೋಗಬೇಕಾದರೆ ಮೂತ್ರಪಿಂಡಕ್ಕೆ ಯಾವುದೋ ಹಾರ್ಮೋನಿನ ಆಜ್ಞೆ ಬಲವಾಗಿ ಹೋಗುತ್ತಿರಬೇಕು. ಮೂತ್ರದಲ್ಲಿ ಪೊಟ್ಯಾಸಿಯಂ ಅಳೆಸಿದಾಗ ಸೋರಿಕೆ ಅಲ್ಲಿಂದಲೇ ಎಂಬುದು ಖಚಿತವಾಯಿತು. ರಕ್ತದ ಬೈಕಾರ್ಬೊನೇಟ್ 32ಕ್ಕೆ ಏರಿತ್ತು, ಅಂದರೆ ರಕ್ತ ಕ್ಷಾರದ ಕಡೆಗೆ ವಾಲಿತ್ತು; ಅದೂ ಅಂಥ ಹಾರ್ಮೋನಿನ ಕಡೆಗೇ ಬೆರಳು ತೋರಿಸುತ್ತಿತ್ತು.

ಇಂಥ ಚಿತ್ರ ಕಂಡಾಗ ವೈದ್ಯರಿಗೆ ಮೊದಲು ನೆನಪಾಗುವ ಹೆಸರು ಜೆರೋಮ್ ಕಾನ್. ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಗಡ್ಡೆಯೊಂದು ಮಿತಿಮೀರಿ ಆಲ್ಡೋಸ್ಟೆರೋನ್ ಎಂಬ ಹಾರ್ಮೋನ್ ಸುರಿಸಿ, ಸೋಡಿಯಂ ಉಳಿಸಿ, ಪೊಟ್ಯಾಸಿಯಂ ಹೊರಹಾಕಿ, ಒತ್ತಡ ಏರಿಸುವುದನ್ನು ಅವರು 1955ರಲ್ಲಿ ಪ್ರಕಟಿಸಿದರು. ನನ್ನ ಪೆನ್ನು ಆಗಲೇ ಹೊಟ್ಟೆಯ ಸಿಟಿ ಸ್ಕ್ಯಾನ್ ಬರೆಯುವುದರಲ್ಲಿತ್ತು. ಬರೆಯಲಿಲ್ಲ. ಈ ವಯಸ್ಸಿನವರ ಅಡ್ರಿನಲ್‌ನಲ್ಲಿ ಏನೂ ಕೆಲಸ ಮಾಡದ ಸಣ್ಣ ಗಂಟುಗಳು ಸಾಕಷ್ಟು ಜನರಲ್ಲಿ ಇರುತ್ತವೆ. ರಕ್ತಪರೀಕ್ಷೆಯ ಮೊದಲೇ ಗಂಟು ಕಂಡುಬಿಟ್ಟರೆ ರೋಗಿಗೂ ವೈದ್ಯನಿಗೂ ಅದರ ಮೇಲೆಯೇ ಕಣ್ಣು ನೆಡುತ್ತದೆ. ಆದ್ದರಿಂದ ಮೊದಲು ಆಲ್ಡೋಸ್ಟೆರೋನ್ ಮತ್ತು ಅದನ್ನು ಹೊರಡಿಸಲು ಮೂತ್ರಪಿಂಡ ಕಳಿಸುವ ರೆನಿನ್, ಇವೆರಡರ ಅಳತೆ ಎಂದು ನಿರ್ಧರಿಸಿದೆ.

ತಾಲ್ಲೂಕು ಊರಿನಲ್ಲಿ ಈ ಪರೀಕ್ಷೆಗೆ ರಕ್ತ ತೆಗೆಯುವುದೇ ಒಂದು ಕಸುಬು. ಪೊಟ್ಯಾಸಿಯಂ ಕಡಿಮೆ ಇದ್ದರೆ ಆಲ್ಡೋಸ್ಟೆರೋನ್ ತಾನಾಗಿಯೇ ತಗ್ಗುವುದರಿಂದ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ರೋಗಿ ಬೆಳಿಗ್ಗೆ ಎದ್ದು ಎರಡು ತಾಸಾದರೂ ಓಡಾಡಿರಬೇಕು, ಆಮೇಲೆ ಹತ್ತು ನಿಮಿಷ ಕುಳಿತಿರಬೇಕು. ಮುಷ್ಟಿ ಬಿಗಿಹಿಡಿದು ಬಿಡುವುದನ್ನು ಮಾಡಿಸಬಾರದು. ಹಾಗೆ ಮಾಡಿದರೆ ಪೊಟ್ಯಾಸಿಯಂ ಸುಳ್ಳೇ ಹೆಚ್ಚು ತೋರುತ್ತದೆ. ನಮ್ಮ ಪ್ರಯೋಗಾಲಯದ ಹುಡುಗ ಶ್ರದ್ಧೆಯಿಂದ ಮಂಜುಗಡ್ಡೆಯ ಡಬ್ಬಿ ಹಿಡಿದುಕೊಂಡೇ ಬಂದಿದ್ದ. ಅದನ್ನು ವಾಪಸು ಕಳಿಸಿದೆ. ಪ್ಲಾಸ್ಮಾ ಬೇರ್ಪಡಿಸುವ ಮೊದಲೇ ರಕ್ತವನ್ನು ತಣ್ಣಗಿಟ್ಟರೆ ಅದರಲ್ಲಿರುವ ಪ್ರೊರೆನಿನ್, ಅಂದರೆ ರೆನಿನ್‌ನ ನಿಷ್ಕ್ರಿಯ ಪೂರ್ವರೂಪ, ರೆನಿನ್ ಆಗಿ ಬದಲಾಗಿ ವರದಿ ಕೆಡುತ್ತದೆ. ಸಾಮಾನ್ಯ ಉಷ್ಣತೆಯಲ್ಲಿಯೇ ಬೇರ್ಪಡಿಸಿ, ಅನಂತರವೇ ಹೆಪ್ಪುಗಟ್ಟಿಸಿ ಕಳಿಸಿದೆವು.

ವರದಿ ಬಂದಾಗ ಕಾನ್ ಹೇಳಿದ ಕಾಯಿಲೆ ಅಲ್ಲವೆಂದಾಯಿತು. ರೆನಿನ್ ಕಡಿಮೆ, ಆಲ್ಡೋಸ್ಟೆರೋನ್ ಕೂಡ ಕಡಿಮೆ. ಟೆಲ್ಮಿಸಾರ್ಟನ್ ರೆನಿನ್ ಅನ್ನು ಏರಿಸಬೇಕು. ಅದರ ನಡುವೆಯೂ ರೆನಿನ್ ಹೀಗೆ ಮಲಗಿದೆ ಎಂದರೆ ದೇಹದಲ್ಲಿ ಸೋಡಿಯಂ ತುಂಬಿಕೊಂಡಿದೆ. ಆಲ್ಡೋಸ್ಟೆರೋನ್ ಮಾಡುವ ಕೆಲಸವೆಲ್ಲ ನಡೆದಿದೆ, ಆಲ್ಡೋಸ್ಟೆರೋನ್ ಮಾತ್ರ ಇಲ್ಲ. ಈ ಜೋಡಿಗೆ ಕಾರಣಗಳು ಕೆಲವೇ. ಲಿಡಲ್ ಸಿಂಡ್ರೋಮಿನಂಥ ಅಪರೂಪದ ವಂಶವಾಹಿ ದೋಷಗಳು ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತವೆ. ಕಾರ್ಟಿಸಾಲ್ ಎಂಬ ಹಾರ್ಮೋನ್ ಅತಿಯಾಗುವ ಕುಶಿಂಗ್ ಕಾಯಿಲೆಯ ಮುಖಲಕ್ಷಣ ಇವರಲ್ಲಿರಲಿಲ್ಲ. ಉಳಿದದ್ದು ಹೊರಗಿನಿಂದ ಒಳಗೆ ಹೋಗುತ್ತಿರುವ ವಸ್ತು.

“ಬ್ಯಾರೆ ಔಷಧ ಏನರ ತಗೋತೀರೇನು?” ಎಂದು ಈ ಮೊದಲು ಮೂರು ಸಲ ಕೇಳಿದ್ದೆ, ಮೂರು ಸಲವೂ ಇಲ್ಲವೆಂದಿದ್ದರು. ಈ ಸಲ ಪ್ರಶ್ನೆ ಬದಲಿಸಿದೆ: “ಮುಂಜಾನಿಂದ ರಾತ್ರಿ ತನಕ ಬಾಯಾಗ ಏನೇನ್ ಹೋಗತೈತಿ, ಎಲ್ಲಾ ಹೇಳ್ರಿ ಕಾಕಾ.” ರೊಟ್ಟಿ, ಚಹ, ಎಲೆ ಅಡಿಕೆ ಎಲ್ಲ ಹೇಳಿ ಮುಗಿಸಿದ ಮೇಲೆ ನೆಹರು ಶರ್ಟಿನ ಕಿಸೆಯಿಂದ ಸಣ್ಣ ಬಟ್ಟೆಚೀಲವೊಂದನ್ನು ತೆಗೆದರು. “ಇದೇನ್ ಔಷಧ ಅಲ್ರಿ ಡಾಕ್ಟ್ರ, ಜೇಷ್ಠಮಧ. ದನಿ ಒಡೀಬಾರದು ಅಂತ ದವಡ್ಯಾಗ ಇಟ್ಕೋತೀನಿ.” ಹೆಂಡತಿ ಸೇರಿಸಿದರು: “ರಾತ್ರಿ ಹಾಲಿನಾಗ ಪುಡಿನೂ ಹಾಕ್ಕೊಂಡು ಕುಡೀತಾರ್ರಿ.” ಹಿಂದೆ ಆಟವಿದ್ದ ರಾತ್ರಿಗಳಿಗಷ್ಟೇ ಇದ್ದ ಅಭ್ಯಾಸ, ಆ ವರ್ಷ ಗಂಟಲು ಕೆಟ್ಟಿದ್ದರಿಂದ ದೀಪಾವಳಿಯಿಂದ ಪ್ರತಿದಿನದ್ದಾಗಿತ್ತು.

ಅವರು ಸುಳ್ಳು ಹೇಳಿರಲಿಲ್ಲ. ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯಲ್ಲಿ ತೂಗಿ ಕೊಡುವ ಬೇರು ಅವರ ಲೆಕ್ಕದಲ್ಲಿ ಲವಂಗ ಏಲಕ್ಕಿಗಳ ಸಾಲಿನದು. ಆ ಬೇರು ಮಾಡುವ ಕೆಲಸ ಮಾತ್ರ ಬಹಳ ಸೂಕ್ಷ್ಮವಾದದ್ದು. ಮೂತ್ರಪಿಂಡದ ಕೊಳವೆಗಳಲ್ಲಿ ಆಲ್ಡೋಸ್ಟೆರೋನ್‌ಗಾಗಿ ಇರುವ ಗ್ರಾಹಕ ಒಂದು ಬೀಗವೆಂದುಕೊಂಡರೆ, ಅಡ್ರಿನಲ್‌ನದೇ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್ ಕೂಡ ಆ ಬೀಗಕ್ಕೆ ಅಷ್ಟೇ ಚೆನ್ನಾಗಿ ಹೊಂದುವ ಕೀಲಿಕೈ. ರಕ್ತದಲ್ಲಿ ಕಾರ್ಟಿಸಾಲ್ ಆಲ್ಡೋಸ್ಟೆರೋನ್‌ಗಿಂತ ನೂರಾರು ಪಟ್ಟು ಹೆಚ್ಚಿರುವುದರಿಂದ ಬೀಗ ಯಾವಾಗಲೂ ತೆರೆದೇ ಇರಬೇಕಿತ್ತು. ಹಾಗಾಗದಂತೆ ಆ ಜೀವಕೋಶಗಳೊಳಗೆ 11-ಬೀಟಾ-ಹೈಡ್ರಾಕ್ಸಿಸ್ಟೀರಾಯ್ಡ್ ಡಿಹೈಡ್ರೋಜಿನೇಸ್ ಟೈಪ್ 2 ಎಂಬ ಕಿಣ್ವ ಕುಳಿತು, ಬಂದ ಕಾರ್ಟಿಸಾಲ್‌ನ ಹಲ್ಲು ಅರೆದು ಕಾರ್ಟಿಸೋನ್ ಮಾಡಿಬಿಡುತ್ತದೆ. ಕಾರ್ಟಿಸೋನ್ ಆ ಬೀಗಕ್ಕೆ ಹೊಂದದು. ಜೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಕರುಳಿನ ಸೂಕ್ಷ್ಮಜೀವಿಗಳಿಂದ ಗ್ಲಿಸಿರೆಟಿನಿಕ್ ಆಮ್ಲವಾಗಿ ರಕ್ತಕ್ಕೆ ಸೇರಿ, ಈ ಕಿಣ್ವದ ಕೈ ಕಟ್ಟುತ್ತದೆ.

ಇದನ್ನು ಕಂಡುಕೊಳ್ಳಲು ವಿಜ್ಞಾನಕ್ಕೆ ನಾಲ್ಕು ದಶಕ ಬೇಕಾದವು ಎಂಬುದು ನನ್ನ ಸಣ್ಣ ವಿಳಂಬಕ್ಕೆ ಸ್ವಲ್ಪ ಸಮಾಧಾನ. ನೆದರ್ಲೆಂಡ್ಸಿನ ಹೀರನ್‌ವೇನ್‌ನಲ್ಲಿದ್ದ ರೆವರ್ಸ್ ಎಂಬ ವೈದ್ಯರು ಜಠರದ ಹುಣ್ಣಿಗೆ ಈ ಬೇರಿನ ಸಾರ ಕೊಟ್ಟು ಗುಣ ಕಂಡು, ಅದರ ಜೊತೆಗೆ ಕೆಲವರ ಮುಖ ಮತ್ತು ಕಾಲು ಬಾತುಕೊಂಡದ್ದನ್ನೂ 1946ರಲ್ಲಿ ವರದಿ ಮಾಡಿದರು. ಆಲ್ಡೋಸ್ಟೆರೋನ್ ಪತ್ತೆಯಾದದ್ದೇ 1953ರಲ್ಲಿ. ಬೇರಿನಲ್ಲೇ ಹಾರ್ಮೋನಿನಂಥ ವಸ್ತು ಇದೆ ಎಂದು ಮೊದಲು ಎಲ್ಲರೂ ನಂಬಿದ್ದರು. ಆದರೆ ಅಡ್ರಿನಲ್ ಗ್ರಂಥಿಯೇ ಇಲ್ಲದವರಿಗೆ ಕೊಟ್ಟಾಗ ಬೇರು ಏನೂ ಮಾಡಲಿಲ್ಲ. ಜೊತೆಗೆ ಕಾರ್ಟಿಸೋನ್ ಕೊಟ್ಟರೆ ಮಾಡಿತು, ಏಕೆಂದರೆ ದೇಹ ಅದನ್ನು ಮತ್ತೆ ಕಾರ್ಟಿಸಾಲ್ ಮಾಡಿಕೊಳ್ಳುತ್ತದೆ. ಉತ್ತರ 1950ರ ದಶಕದ ಆ ಪ್ರಯೋಗಗಳಲ್ಲೇ ಅಡಗಿತ್ತು, ಓದಿದವರು ಮಾತ್ರ 1987ರಲ್ಲಿ ಬ್ರಿಟನ್ನಿನ ಪಾಲ್ ಸ್ಟೀವರ್ಟ್ ಮತ್ತು ಸಂಗಡಿಗರು. ಕಿಣ್ವವೇ ಹುಟ್ಟಿನಿಂದ ಕೆಲಸ ಮಾಡದ ಮಕ್ಕಳಲ್ಲಿ ಇದೇ ಚಿತ್ರ ಕಾಣುವುದೆಂಬುದು ಅಷ್ಟರಲ್ಲಿ ತಿಳಿದಿದ್ದರಿಂದ ಎರಡೂ ಎಳೆಗಳು ಕೂಡಿಬಂದವು.

ಇನ್ನು ಪ್ರಮಾಣದ ಮಾತು. ಅವರ ಮನೆಯಲ್ಲಿ ಐವತ್ತು ಗ್ರಾಂ ಬೇರು ಸುಮಾರು ಹತ್ತು ದಿನಕ್ಕೆ ಮುಗಿಯುತ್ತಿತ್ತು, ಅಂದರೆ ದಿನಕ್ಕೆ ಐದು ಗ್ರಾಂ. ಬೇರಿನಲ್ಲಿ ಗ್ಲಿಸಿರೈಜಿನ್ ನೂರಕ್ಕೆ ನಾಲ್ಕು ಪಾಲು ಎಂದು ಹಿಡಿದರೂ 200 ಮಿಲಿಗ್ರಾಂ ಆಯಿತು. ಜಗಿದು ಉಗುಳಿದ ನಾರನ್ನು ಕಳೆದರೆ ಒಂದಿಷ್ಟು ಕಡಿಮೆ. ಯುರೋಪಿನಲ್ಲಿ ಹಾಕಿಕೊಂಡಿರುವ ಮಿತಿ ದಿನಕ್ಕೆ 100 ಮಿಲಿಗ್ರಾಂ. ಅಷ್ಟನ್ನೇ ಎರಡು ವಾರ ತಿಂದ ಆರೋಗ್ಯವಂತ ತರುಣರಲ್ಲಿಯೂ ಮೇಲಿನ ಒತ್ತಡ ಸರಾಸರಿ 3 ಅಂಕದಷ್ಟು ಏರಿದ್ದನ್ನು ಸ್ವೀಡನ್ನಿನ ಲಿನ್‌ಶೋಪಿಂಗ್‌ನ ಸಂಶೋಧಕರು 2024ರಲ್ಲಿ ತೋರಿಸಿದ್ದಾರೆ. ಆಯುರ್ವೇದದ ಔಷಧಕೋಶ ಪುಡಿಗೆ ಎರಡರಿಂದ ನಾಲ್ಕು ಗ್ರಾಂ ಎಂದು ಹೇಳುತ್ತದೆ. ವೈದ್ಯರು ನೋಡಿ ಕೆಲವು ದಿನಕ್ಕೆ ಕೊಡುವುದಕ್ಕೂ, ಆರು ತಿಂಗಳು ದವಡೆಯಲ್ಲಿಟ್ಟುಕೊಳ್ಳುವುದಕ್ಕೂ ಅಂತರವಿದೆ. ಹಾಗಾಗಿ ಇದನ್ನು ಆಯುರ್ವೇದದ ಮೇಲೆ ಹೊರಿಸುವ ಸಹೋದ್ಯೋಗಿಗಳ ಮಾತಿಗೆ ನನ್ನ ಸಮ್ಮತಿಯಿಲ್ಲ. ನನ್ನ ಮೂತ್ರದ ಗುಳಿಗೆ ಸೇರುವವರೆಗೆ ಈ ಮನುಷ್ಯ ನೆಲದಿಂದ ಏಳುತ್ತಿದ್ದರು.

ಚಿಕಿತ್ಸೆ ಸರಳ. ಬೇರು ನಿಲ್ಲಿಸಿದೆವು. ಆದರೆ ಗ್ಲಿಸಿರೆಟಿನಿಕ್ ಆಮ್ಲ ಪಿತ್ತರಸದೊಂದಿಗೆ ಕರುಳಿಗೆ ಇಳಿದು ಮತ್ತೆ ರಕ್ತಕ್ಕೆ ಸೇರುತ್ತ ಸುತ್ತು ಹಾಕುವುದರಿಂದ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ. ಆ ಅವಧಿಗೆ ಸ್ಪೈರೊನೊಲ್ಯಾಕ್ಟೋನ್ 25 ಮಿಲಿಗ್ರಾಂ ಕೊಟ್ಟೆ. ಬೀಗವನ್ನೇ ಮುಚ್ಚುವ ಔಷಧವಾದ್ದರಿಂದ ಯಾವ ಕೀಲಿಕೈ ಬಂದರೂ ಅದಕ್ಕೆ ಲೆಕ್ಕವಿಲ್ಲ. ಟೆಲ್ಮಿಸಾರ್ಟನ್ ಜೊತೆ ಅದು ಪೊಟ್ಯಾಸಿಯಂ ಅನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು, ಆದ್ದರಿಂದ ಪೊಟ್ಯಾಸಿಯಂ ಸಿರಪ್ಪು ನಿಲ್ಲಿಸಿ ಪ್ರತಿ ವಾರ ರಕ್ತ ನೋಡಿದೆ. ನಾಲ್ಕನೆಯ ವಾರ ಪೊಟ್ಯಾಸಿಯಂ 4.3, ಒತ್ತಡ 136/84. ಸ್ಪೈರೊನೊಲ್ಯಾಕ್ಟೋನ್ ತೆಗೆದೆ. ಹಳೆಯ ಎರಡು ಗುಳಿಗೆಗಳು ಉಳಿದವು, ಏಕೆಂದರೆ ಅವರ ಮೂಲ ರಕ್ತದೊತ್ತಡ ಬೇರಿನಿಂದ ಬಂದದ್ದಲ್ಲ.

ಅಂದಿನಿಂದ ಒತ್ತಡ ಏಕಾಏಕಿ ಹತೋಟಿ ತಪ್ಪಿದ ಯಾರಿಗೂ ಪೊಟ್ಯಾಸಿಯಂ ನೋಡದೆ ಮೂತ್ರದ ಗುಳಿಗೆ ಬರೆದಿಲ್ಲ. ಕೆಮ್ಮಿನ ಕಷಾಯದ ಪೊಟ್ಟಣ, ಆಮ್ಲಪಿತ್ತದ ಚೂರ್ಣ, ಬಾಯಿ ವಾಸನೆಗೆ ಇಟ್ಟುಕೊಳ್ಳುವ ಕಡ್ಡಿ ಎಲ್ಲವನ್ನೂ ಹೆಸರು ಹಿಡಿದು ಕೇಳುತ್ತೇನೆ. ಅತಿಮಧುರ, ಯಷ್ಟಿಮಧು, ಮುಲೇಠಿ ಎಂಬ ಹೆಸರುಗಳನ್ನೂ ಹೇಳುತ್ತೇನೆ, ಏಕೆಂದರೆ ಪೊಟ್ಟಣದ ಮೇಲೆ ಯಾವ ಹೆಸರಿರುತ್ತದೋ ಹೇಳಲಾಗದು. ಒಬ್ಬ ಹೆಣ್ಣುಮಗಳ ಚೂರ್ಣದ ಡಬ್ಬಿಯಲ್ಲಿ ಹೀಗೇ ಸಿಕ್ಕಿತು. ಆಕೆಯ ಪೊಟ್ಯಾಸಿಯಂ 3.3ರಲ್ಲಿದ್ದಾಗಲೇ ಸಿಕ್ಕಿದ್ದರಿಂದ ರೆನಿನ್ ಪರೀಕ್ಷೆಯ ಖರ್ಚೂ ಉಳಿಯಿತು.

ಹಾಡುವ ಕಾಕಾ ಈಗಲೂ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಬಟ್ಟೆಚೀಲ ಕಿಸೆಯಲ್ಲೇ ಇದೆ, ಒಳಗೆ ಲವಂಗ ಮತ್ತು ಕಲ್ಲುಸಕ್ಕರೆ. ತಾರಕಕ್ಕೆ ಏರಿದಾಗ ಅದು ಜೇಷ್ಠಮಧದಷ್ಟು ಸಾಥ್ ಕೊಡುವುದಿಲ್ಲವೆಂಬ ದೂರನ್ನು ಒತ್ತಡ ನೋಡಿಸಿಕೊಳ್ಳುವಾಗಲೆಲ್ಲ ಹೇಳುತ್ತಾರೆ.