ಟೆನ್ಷನರ್ ಅಲ್ಲ, ಮುಂದಿನ ಗೈಡ್

ಬಾಗಲಕೋಟೆಯ ನವನಗರದಲ್ಲಿ ನನ್ನ ಗ್ಯಾರೇಜ್. ಈ 150 ಸಿಸಿ ಗಾಡಿಯೂ ನನ್ನದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಡಗಡೆಯಿಂದ ಕರಕರ ಸದ್ದು. ರೇಸ್ ಕೊಟ್ಟರೆ ಮಾಯ, ಬಿಟ್ಟರೆ ಮತ್ತೆ ಹಾಜರ್.

ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಸಡಿಲ ಅಂದುಕೊಂಡು, ಅದನ್ನು ಹಿಂದಿನಿಂದ ಒತ್ತಿ ಬಿಗಿ ಇಡುವ ಟೆನ್ಷನರ್ ಬದಲಿಸಿದೆ. ಎಂಟು ದಿನ ಸುಮ್ಮನಿತ್ತು, ಮತ್ತೆ ಶುರು. ಇನ್ನೊಂದು ಹಾಕಿದೆ. ಎರಡಕ್ಕೂ ಸೇರಿ 800 ರೂಪಾಯಿ ಹತ್ತಿರ ಹೋಯಿತು. ಮೂರನೇ ಸಲ ಟೈಮಿಂಗ್ ಚೈನೇ ಹೊಸದು, ಅದಕ್ಕೆ ಇನ್ನೊಂದು 500. ಹೆಡ್ ಕವರ್, ಕ್ರ್ಯಾಂಕ್ ತುದಿಯ ಮ್ಯಾಗ್ನೆಟ್ ಮಾತ್ರ ಬಿಚ್ಚಿದ್ದೆ, ಸಿಲಿಂಡರ್ ಮೇಲಿನ ಹೆಡ್ ಎತ್ತಲಿಲ್ಲ. ತಪ್ಪಿದ್ದು ಅಲ್ಲೇ.

ಪಕ್ಕದ ಗ್ಯಾರೇಜಿನ ಕಾಕಾ ಸ್ಕ್ರೂಡ್ರೈವರ್ ಇಟ್ಟು ಕಿವಿಗೊಟ್ಟು ಕೇಳಿದರು. "ತಮ್ಮಾ, ಇದು ಚೈನ್ ಅಲ್ಲ, ಬೋರ್ ಹೋಗೇತಿ" ಎಂದರು. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್; ಅದರ ಕೆಲಸಕ್ಕೆ 4,000 ರೂಪಾಯಿ ಕೈಬಿಟ್ಟ ಹಾಗೆ. ಆದರೆ ಬೋರ್ ಹೋದರೆ ಕಾಣುವ ಹೊಗೆ ಇಲ್ಲ, ಪಿಕಪ್ ಇಳಿದಿಲ್ಲ. ನಾನು ಒಪ್ಪಲಿಲ್ಲ.

ನೋಡೋಣ ಅಂತ ದಪ್ಪನೆಯ 20ಡಬ್ಲ್ಯೂ50 ಆಯಿಲ್ ಹಾಕಿದೆ. ಸದ್ದು ಸ್ವಲ್ಪ ಮಂದವಾಯಿತು, ಗಾಡಿ ಭಾರವಾಯಿತು. ಆದರೆ ಆ ಆಯಿಲ್ ಇಳಿಸುವಾಗ ಜಾಳಿಗೆಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೂರು ಸಿಕ್ಕಿತು!

ಅವತ್ತೇ ಹೆಡ್ ಎತ್ತಿದೆ. ಮುಂದೆ, ಸೈಲೆನ್ಸರ್ ಕಡೆಯ ಗೈಡಿನ, ಅಂದರೆ ಚೈನ್ ಅಲುಗದಂತೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಯ, ಕೆಳತುದಿ ಮುರಿದಿತ್ತು. ಚೈನ್ ಉಜ್ಜಿ ಎರಡು ಗೆರೆ ಆಳವಾಗಿ ಬಿದ್ದಿದ್ದವು. ಈ ಗಾಡಿಯಲ್ಲಿ ಆ ಗೈಡ್ ಹೆಡ್ ಎತ್ತದೆ ಹೊರಗೆ ಬರಲ್ಲ. ಅದಕ್ಕೇ ನಾವೆಲ್ಲ ಅದನ್ನು ಹಾಗೇ ಬಿಟ್ಟು ಟೆನ್ಷನರಿಗೆ ದುಡ್ಡು ಸುರಿಯುತ್ತೇವೆ. ಮುಂದಿನ ಪಟ್ಟಿಯೇ ಅಲುಗಾಡುತ್ತಿದ್ದರೆ ಟೆನ್ಷನರ್ ಹಿಂದಿನಿಂದ ಎಷ್ಟು ಒತ್ತಿದರೇನು?

ಜೋಡಿಸುವಾಗ ಕ್ಯಾಮ್ ಗಿಯರಿನಲ್ಲಿ ಚೈನ್ ಒಂದು ಹಲ್ಲು ತಪ್ಪಿ ಕೂತಿತು. ಪಿಸ್ಟನ್ ಮೇಲ್ತುದಿಗೆ ಬಂದಿದೆ ಎಂದು ತೋರಿಸುವ ಮ್ಯಾಗ್ನೆಟ್ಟಿನ ಟಿ ಮಾರ್ಕ್ ಸರಿ ಇತ್ತು, ಕ್ಯಾಮ್ ಗಿಯರಿನ ಗೆರೆ ಓರೆ. ಮುಂದಿನ ಬದಿಯ ಚೈನ್ ಬಿಗಿಯಾಗಿ ಎಳೆದು, ಸಡಿಲವನ್ನೆಲ್ಲ ಟೆನ್ಷನರ್ ಕಡೆ ಬಿಟ್ಟು ಮಾರ್ಕ್ ನೋಡಬೇಕಿತ್ತು. ನಾನು ಅವಸರ ಮಾಡಿದ್ದೆ. ಕಿಕ್ ಮುಟ್ಟುವ ಮೊದಲು ಮ್ಯಾಗ್ನೆಟ್ ಬೋಲ್ಟಿನಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿದ್ದಕ್ಕೆ ತಪ್ಪು ಸಿಕ್ಕಿತು, ಇಲ್ಲದಿದ್ದರೆ ವಾಲ್ವಿಗೆ ಪೆಟ್ಟು ಬೀಳಬಹುದಿತ್ತು.

ಮುಂದಿನ, ಹಿಂದಿನ ಎರಡೂ ಗೈಡ್, ಗ್ಯಾಸ್ಕೆಟ್ ಸೇರಿ 900 ಚಿಲ್ಲರೆ. ಆಮೇಲೆ ಆರೇಳು ಸಾವಿರ ಕಿಲೋಮೀಟರ್ ಓಡಿದೆ. ವಿಜಯಪುರಕ್ಕೆ ಎಷ್ಟು ಸಲ ಹೋಗಿ ಬಂದೆನೋ, ಇಂಜಿನ್ ಗಡಿಯಾರದ ಹಾಗೆ ನಡೆಯುತ್ತಿದೆ. ಬೋರ್ ಇನ್ನೂ ಕಂಪನಿಯದೇ.

ಹೆಡ್ ಎತ್ತದೆಯೇ ಮುರಿದ ಗೈಡ್ ಪತ್ತೆ ಮಾಡುವ ದಾರಿಯೂ ಸಿಕ್ಕಿದೆ. ಇನ್ನೂ ನಾಲ್ಕು ಗಾಡಿಯಲ್ಲಿ ನೋಡಿದ ಮೇಲೆ ಹೇಳುತ್ತೇನೆ. ಮೊನ್ನೆ ಕಾಕಾ ಒಂದು ಗಿರಾಕಿಯ ಗಾಡಿ ತಳ್ಳಿಕೊಂಡು ಬಂದಿದ್ದರು. "ಇದರ ಮುಂದಿನ ಗೈಡ್ ಒಮ್ಮೆ ನೋಡಪಾ" ಎಂದರು.